ಅಕ್ಷರ ನೆಟ್ಟಗಾಗುವವರೆಗೆ

ಜೂನ್ 4

ತಮ್ಮಾ,

ಕುಡಿತ ಬಿಡಿಸುವ ಆಸ್ಪತ್ರೆಯಿಂದ ನೀನು ಮನೆಗೆ ಬಂದೆಯಂತೆ. ಸಂತೋಷ. ಎಷ್ಟು ದಿನದ ಸಂತೋಷವೋ ನೋಡೋಣ.

ಮೊನ್ನೆ ನಿನ್ನ ಫೋನನ್ನು ನಾನು ಬೇಕೆಂದೇ ಎತ್ತಲಿಲ್ಲ. ಇನ್ನು ಮುಂದೆಯೂ ಎತ್ತುವುದಿಲ್ಲ. ನಿನ್ನ ದನಿ ಸುಳ್ಳು ಹೇಳಿ ಹೇಳಿ ಪಳಗಿಬಿಟ್ಟಿದೆ ಕಣೋ. ಕಂಠಪೂರ್ತಿ ಕುಡಿದಾಗಲೂ "ಅಕ್ಕಾ, ಊಟ ಆಯ್ತಾ?" ಎಂದು ಬೆಣ್ಣೆಯ ಹಾಗೆ ಮಾತಾಡುತ್ತಿದ್ದೆ. ನಾನೂ ಪೆದ್ದಿಯ ಹಾಗೆ "ಆಯ್ತಪ್ಪ, ನಿಂದು?" ಅನ್ನುತ್ತಿದ್ದೆ. ಆ ಸಂಜೆಯೂ ಹಾಗೇ ಆಯಿತಲ್ಲ. "ಚೂಟೀನ ಸ್ಕೂಲಿಂದ ಕರ್ಕೊಂಡು ಬಂದೆ, ಆಟ ಆಡ್ತಿದ್ದಾಳೆ" ಅಂದೆ. ನಿನ್ನ ಮಗಳು ಆಗ ಮುಚ್ಚಿದ ಗೇಟಿನ ಮುಂದೆ ಕಾವಲುಗಾರನ ಸ್ಟೂಲಿನ ಮೇಲೆ ಕೂತಿದ್ದಳು. ಆ ಪುಣ್ಯಾತ್ಮ ನನ್ನ ನಂಬರು ಹುಡುಕಿ ಫೋನ್ ಮಾಡಿ, ನಾನು ರೈಲು ಹಿಡಿದು ಬಂದು ಮುಟ್ಟುವವರೆಗೆ ಅವಳನ್ನು ತನ್ನ ಹೆಂಡತಿಯ ಹತ್ತಿರ ಇರಿಸಿಕೊಳ್ಳದಿದ್ದರೆ ಏನಾಗುತ್ತಿತ್ತು?

ಅದಕ್ಕೇ ಹೇಳುತ್ತಿದ್ದೇನೆ, ಕಾಗದ ಬರಿ. ಕೈಯಲ್ಲೇ ಬರಿ, ಟೈಪು ಗೀಪು ಬೇಡ. ದನಿ ಸುಳ್ಳು ಹೇಳಬಹುದು, ಕೈ ಹೇಳುವುದಿಲ್ಲ. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು ನನ್ನ ಕಣ್ಣು ಸವೆದಿದೆ. ಹೊಲಿಗೆ ನೋಡಿದರೆ ಹೊಲಿದವಳು ಯಾವ ಮನಸ್ಸಿನಲ್ಲಿ ಕೂತಿದ್ದಳು ಎಂದು ಹೇಳಬಲ್ಲೆ. ನಿನ್ನ ಅಕ್ಷರ ನೋಡಿದರೆ ನೀನು ಹೇಗಿದ್ದೀಯ ಎಂದು ಗೊತ್ತಾಗದೇ ಇರುತ್ತದೆಯೇ?

ಚೂಟಿ ಆವತ್ತಿನಿಂದ ಇಲ್ಲಿ ನಮ್ಮ ಮನೆಯಲ್ಲಿ ಚೆನ್ನಾಗಿದ್ದಾಳೆ. ಹನ್ನೊಂದು ತುಂಬಿತು. ನಿಮ್ಮ ಭಾವನ ಪೇಪರನ್ನು ಅವರಿಗಿಂತ ಮೊದಲು ಓದಿ ಮುಗಿಸುತ್ತಾಳೆ. ಸದ್ಯಕ್ಕೆ ಅವಳಿಗೆ ಏನೂ ಬರೆಯಬೇಡ. ಆಸೆ ಹುಟ್ಟಿಸಿ ಕೈಕೊಡುವುದನ್ನು ಆ ತಾಯಿಯಿಲ್ಲದ ಕೂಸು ಸಾಕಷ್ಟು ನೋಡಿದೆ.

ಅಕ್ಕ


ಜೂನ್ 12

ಅಕ್ಕಾ,

ಅಕ್ಷರ ಹೀಗಿದೆ, ಬೈಯಬೇಡ. ಕೈ ಇನ್ನೂ ನಡುಗುತ್ತದೆ.

ಕನ್ನಡಕದ ಅಂಗಡಿಯ ಯಜಮಾನಿ ನನ್ನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡರು. ಗಿರಾಕಿಗಳ ಮುಂದೆ ಮಾತ್ರ ಕೂರಿಸುವುದಿಲ್ಲ. ಹಿಂದಿನ ಕೋಣೆಯಲ್ಲಿ ಮುರಿದ ಫ್ರೇಮುಗಳ ರಿಪೇರಿ ಕೊಟ್ಟಿದ್ದಾರೆ. ಕನ್ನಡಕದ ಕಡ್ಡಿಗೆ ಹಾಕುವ ತಿರುಪು ಎಳ್ಳುಕಾಳಿನಷ್ಟಿರುತ್ತದೆ. ಚಿಮಟದಲ್ಲಿ ಹಿಡಿಯುವುದರೊಳಗೆ ಜಾರಿ ಬೀಳುತ್ತದೆ. ನಾನು ಅಯಸ್ಕಾಂತ ಹಿಡಿದು ನೆಲದ ಮೇಲೆ ಅಂಬೆಗಾಲಿಡುತ್ತೇನೆ. "ನಿನ್ ಕೆಲ್ಸ ಅರ್ಧ ಮೇಜಿನ ಮೇಲೆ, ಅರ್ಧ ಮೇಜಿನ ಕೆಳಗೆ" ಎಂದು ಯಜಮಾನಿ ನಗುತ್ತಾರೆ. ನಗುತ್ತಾರಲ್ಲ, ಅಷ್ಟು ಸಾಕು.

ಸಂಜೆ ಲೈಬ್ರರಿಯ ಹಿಂದಿನ ಹಾಲಿನಲ್ಲಿ ಕುಡಿತ ಬಿಟ್ಟವರೆಲ್ಲ ಸೇರುತ್ತೇವೆ. ಅಲ್ಲಿ ಒಬ್ಬರು ಬಸ್ ಡ್ರೈವರ್ ಇದ್ದಾರೆ, ಬಿಟ್ಟು ಬಹಳ ವರ್ಷವಾದವರು. ನಾನು ಡ್ರೈವರಣ್ಣ ಅನ್ನುತ್ತೇನೆ. "ಕುಡೀಬೇಕು ಅನ್ಸಿದ್ರೆ ಮೊದ್ಲು ನಂಗೆ ಫೋನ್ ಮಾಡು. ಕುಡಿದ್ಬಿಟ್ರೂ ಮಾಡು" ಎಂದು ನಂಬರು ಕೊಟ್ಟಿದ್ದಾರೆ.

ಚೂಟಿಯ ಕೋಣೆಗೆ ಬಣ್ಣ ಬಳಿದೆ. ಅವಳಿಗೆ ಹಳದಿ ಇಷ್ಟ ಎಂದು ಹಳದಿ ತಂದೆ. ಗೋಡೆ ಮೇಲೆ ಬಿದ್ದದ್ದಕ್ಕಿಂತ ನನ್ನ ಮೇಲೆ ಬಿದ್ದದ್ದೇ ಜಾಸ್ತಿ. ಅಡುಗೆ ಕಲಿಯುತ್ತಿದ್ದೇನೆ. ಸೀದದ್ದನ್ನು ನಾನೇ ತಿನ್ನುತ್ತೇನೆ, ಸಾಕ್ಷಿ ಉಳಿಯುವುದಿಲ್ಲ.

ಒಂದು ಮಾತು ಬರಿ ಅಕ್ಕಾ. ಅವಳು ನನ್ನನ್ನು ಕೇಳುತ್ತಾಳಾ?

ತಮ್ಮ


ಜೂನ್ 20

ತಮ್ಮಾ,

ನಿನ್ನ ಕಾಗದ ಬಂತು. ಕಾಗದವೋ ಅದು? ಕಾಗೆ ಕಾಲು ಗುಬ್ಬಿ ಕಾಲು! ನಿಮ್ಮ ಭಾವ ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು, ಕಡೆಗೆ ನನ್ನ ಕೈಗೇ ಕೊಟ್ಟು ಸುಮ್ಮನೆ ಎದ್ದುಹೋದರು. ಗೆರೆ ಇರುವ ಹಾಳೆಯಲ್ಲೂ ಸಾಲು ಏರುತ್ತದೆ, ಇಳಿಯುತ್ತದೆ. ಎಷ್ಟು ಕುಡಿದಿದ್ದೆ? ನಿಜ ಹೇಳು.

ಹಳದಿ ಬಣ್ಣ, ಅಂಬೆಗಾಲು ಎಂದು ನಗಿಸಲು ನೋಡಬೇಡ. ನೀನು ನಗಿಸಿ ನಗಿಸಿಯೇ ನಮ್ಮೆಲ್ಲರನ್ನೂ ಅಳಿಸಿದವನು. ಈ ಕಾಗದವನ್ನು ಚೂಟಿಗೆ ತೋರಿಸಿಲ್ಲ. ಲಕೋಟೆಯ ಸಮೇತ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದ್ದೇನೆ. ಇಂಥ ಅಕ್ಷರ ಕಂಡರೆ ಮಗು ಏನೆಂದುಕೊಂಡೀತು?

ಅವಳು ನಿನ್ನನ್ನು ಕೇಳುವುದಿಲ್ಲ.

ಅಕ್ಕ


ಜೂನ್ 27

ಅಕ್ಕಾ,

ನಾನು ಕುಡಿದಿರಲಿಲ್ಲ. ಈಗಲೂ ಕುಡಿದಿಲ್ಲ. ಯಾರ ಮೇಲೆ ಆಣೆ ಇಡಲಿ? ಆಣೆ ಇಡಲು ನನ್ನ ಹತ್ತಿರ ಉಳಿದಿರುವುದು ಒಬ್ಬಳೇ, ಅವಳ ಮೇಲೆ ಇಡುವುದಿಲ್ಲ.

ಬಿಟ್ಟ ಮೇಲೂ ಕೆಲವರಿಗೆ ಈ ನಡುಕ ತಿಂಗಳುಗಟ್ಟಲೆ ಇದ್ದು ಆಮೇಲೆ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಬರೆಯಲು ಕೂತಾಗ ಇನ್ನೂ ಜಾಸ್ತಿ. ನೀನು ಓದುತ್ತೀಯ ಎನ್ನುವುದು ನೆನಪಾದರೆ ಪೆನ್ನು ಒಂದು ಕಡೆ, ಕೈ ಒಂದು ಕಡೆ ಹೋಗುತ್ತದೆ.

ಅವಳು ಕೇಳುವುದಿಲ್ಲ ಎಂದು ಬರೆದೆಯಲ್ಲ. ತಪ್ಪು ಅವಳದ್ದಲ್ಲ ಬಿಡು.

ತಮ್ಮ


ಜುಲೈ 5

ತಮ್ಮಾ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೈ ನಡುಗಿದರೆ ಡಾಕ್ಟರು ಕಾರಣ, ಸಾಲು ಡೊಂಕಾದರೆ ಅಕ್ಕ ಕಾರಣ! ಹೋದ ವರ್ಷ ಕೆಲಸ ಹೋದಾಗಲೂ ಯಾರೋ ಕಾರಣರಾಗಿದ್ದರು.

ಈಗ ಖಡಾಖಂಡಿತವಾಗಿ ಹೇಳುತ್ತೇನೆ, ಕೇಳು. ಆಗಸ್ಟ್ ಮುಗಿಯುವುದರೊಳಗೆ ಚೂಟಿ ಇಲ್ಲೇ ಓದುತ್ತಾಳೋ ಹೋಗುತ್ತಾಳೋ ತಿಳಿಸಿ ಎಂದು ಇಲ್ಲಿನ ಶಾಲೆಯವರು ಹೇಳಿದ್ದಾರೆ. ನನಗೂ ನಿಮ್ಮ ಭಾವನಿಗೂ ಮಕ್ಕಳಿಲ್ಲ, ನಿನಗೆ ಗೊತ್ತಿರುವುದೇ. ಅವಳನ್ನು ಕಾಯಮ್ಮಾಗಿ ನಮ್ಮಲ್ಲೇ ಇಟ್ಟುಕೊಳ್ಳುವ ಮಾತು ಮನೆಯಲ್ಲಿ ನಡೆದಿದೆ. ಒಮ್ಮೆ ಹಾಗೆಂದು ತೀರ್ಮಾನವಾದರೆ ಮತ್ತೆ ನಿನ್ನ ಮನೆ, ನನ್ನ ಮನೆ ಎಂದು ಆ ಮಗುವನ್ನು ಚೆಂಡಾಡಲು ನಾನು ಬಿಡುವುದಿಲ್ಲ.

ನಾನು ಕಲ್ಲಲ್ಲ. ನಿನಗೆ ಒಂದು ಅವಕಾಶ ಕೊಡುತ್ತೇನೆ. ನಿನ್ನ ಅಕ್ಷರ ಮೊದಲಿನ ಹಾಗೆ ನೆಟ್ಟಗಾಗಲಿ. ಒಂದೇ ಒಂದು ಕಾಗದ ನೆಟ್ಟಗೆ ಬರೆದು ಕಳಿಸು, ನಾನೇ ಕರೆದುಕೊಂಡು ಬಂದು ಬಿಡುತ್ತೇನೆ. ಅಲ್ಲಿಯವರೆಗೆ ಅವಳ ಹೆಸರೆತ್ತಬೇಡ.

ಅಕ್ಕ


ಜುಲೈ 19

ಪೂಜ್ಯ ಅಕ್ಕನಿಗೆ ತಮ್ಮನ ಪ್ರೀತಿಪೂರ್ವಕ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀನೂ ಭಾವನೂ ಚೂಟಿಯೂ ಕ್ಷೇಮವೆಂದು ನಂಬಿದ್ದೇನೆ. ನೋಡು ಅಕ್ಕಾ, ಒಂದು ಸಾಲೂ ಡೊಂಕಿಲ್ಲ. ನೀನು ಹೇಳಿದ್ದೇ ಸರಿ, ಮನಸ್ಸು ನೆಟ್ಟಗಾದರೆ ಕೈ ತಾನೇ ನೆಟ್ಟಗಾಗುತ್ತದೆ.

ಅಂಗಡಿಯಲ್ಲಿ ನನಗೆ ತುಂಬ ಒಳ್ಳೆಯ ಹೆಸರು ಬಂದಿದೆ. ಬೇಗ ಗಿರಾಕಿಗಳ ಮುಂದೆ ಕೂರಿಸಬಹುದು. ಮುಂದೆ ನಾನೇ ಒಂದು ಅಂಗಡಿ ಹಾಕಿದರೂ ಹಾಕಿದೆನೇ. ಚೂಟಿಗೆ ಸೈಕಲ್ ಕೊಡಿಸುತ್ತೇನೆ. ರಜೆಯಲ್ಲಿ ನಾವೆಲ್ಲ ಸಮುದ್ರ ನೋಡಲು ಹೋಗೋಣ, ಭಾವನೂ ಬರಲಿ. ಅಮ್ಮ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದಳು! ಈಗಲೂ ಅಮ್ಮ ಮೇಲಿನಿಂದ ನಮ್ಮನ್ನು ನೋಡುತ್ತಿದ್ದಾಳೆ ಎಂದು ನನಗೆ ಅನಿಸುತ್ತದೆ. ನಿನ್ನಂಥ ಅಕ್ಕ ಇನ್ನು ಏಳು ಜನ್ಮಕ್ಕೂ ಸಿಗಲಿ.

ನಿನ್ನ ಪ್ರೀತಿಯ ತಮ್ಮ


ಜುಲೈ 24

ನನ್ನ ಬಂಗಾರದಂಥ ತಮ್ಮಾ,

ಮುತ್ತು ಪೋಣಿಸಿದ ಹಾಗಿದೆಯಲ್ಲೋ! ಶಾಲೆಯಲ್ಲಿ ಬಹುಮಾನ ತಂದ ಕೈ ಅದೇ, ಅದೇ! ಓದಿ ನನಗೆ ಅಳುವೇ ಬಂತು. ನಿಮ್ಮ ಭಾವ ಕನ್ನಡಕವಿಲ್ಲದೆ ಓದಿದರು. "ಪರ್ವಾಗಿಲ್ವೇ, ನಿನ್ ತಮ್ಮ ಗೆದ್ದ" ಅಂದರು. ಅವರ ಬಾಯಲ್ಲಿ ಅಷ್ಟು ಉದ್ದದ ಮಾತು ಬಂದದ್ದೇ ಹೆಚ್ಚು.

ನಿನಗೆ ಸುಮ್ಮನೆ ಬೈದುಬಿಟ್ಟೆ. ಬೈದದ್ದಕ್ಕೇ ನೀನು ಸರಿಹೋದೆ ಎಂದು ಒಳಗೊಳಗೇ ಹೆಮ್ಮೆಯೂ ಆಗುತ್ತಿದೆ. ಈ ಕಾಗದವನ್ನು ಚೂಟಿಗೆ ತೋರಿಸಿದೆ. ಕುಣಿಯುತ್ತಿದ್ದಾಳೆ. ಆಗಸ್ಟ್ ಹತ್ತಕ್ಕೆ ಅವಳನ್ನು ಕರೆದುಕೊಂಡು ಬರುತ್ತೇನೆ. ಸ್ಟೇಷನ್ನಿಗೆ ಬಾ. ಅವಳಿಗೆ ಎರಡು ಹೊಸ ಲಂಗ ಹೊಲಿಯುತ್ತಿದ್ದೇನೆ, ಉದ್ದ ಬಂದುಬಿಟ್ಟಿದ್ದಾಳೆ, ನೋಡಿದರೆ ಗುರುತು ಸಿಕ್ಕುವುದಿಲ್ಲ ನಿನಗೆ.

ಅಕ್ಕ


ಜುಲೈ 30

ಅಕ್ಕಾ,

ಲಕೋಟೆಯ ಮೇಲಿನ ಅಕ್ಷರ ನೋಡುತ್ತಲೇ ನಿನಗೆ ಸಿಟ್ಟು ಬಂದಿರುತ್ತದೆ. ಬರಲಿ. ಆದರೆ ಪೂರ್ತಿ ಓದು.

ಹತ್ತೊಂಬತ್ತರ ಕಾಗದ ನಾನು ಕುಡಿದು ಬರೆದದ್ದು.

ಆವತ್ತು ರಜೆ. ಬೆಳಿಗ್ಗೆಯೇ ಬರೆಯಲು ಕೂತೆ. ಬರೆದೆ, ಹರಿದೆ, ಮತ್ತೆ ಬರೆದೆ. ಎಷ್ಟು ಸಲ ಬರೆದರೂ ಅದೇ ಕಾಗೆ ಕಾಲು. ಎಡಗೈಯಲ್ಲಿ ಬಲಗೈ ಹಿಡಿದು ಬರೆದೆ. ಮಣಿಕಟ್ಟಿಗೆ ಬಟ್ಟೆ ಸುತ್ತಿ ಮೇಜಿಗೆ ಒತ್ತಿ ಬರೆದೆ. ಆಗಲಿಲ್ಲ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನಂಥವನ ಕೈ ಬಿಟ್ಟಾಗ ನಡುಗುತ್ತದೆ, ಒಳಗೆ ಬಿದ್ದರೆ ನಿಲ್ಲುತ್ತದೆ. ನೀನು ತಲೆಕೆಳಗಾಗಿ ಓದುತ್ತಿದ್ದೆ. ಡೊಂಕು ಅಕ್ಷರದ ಕಾಗದಗಳೆಲ್ಲ ಕುಡಿಯದೆ ಬರೆದವು.

ಮಧ್ಯಾಹ್ನ ಹೋಗಿ ಚಿಕ್ಕದೊಂದು ಬಾಟಲಿ ತಂದೆ. ಎರಡು ಗುಟುಕು, ಕಾಗದಕ್ಕೆ ಮಾತ್ರ ಎಂದುಕೊಂಡೆ. ಔಷಧಿಯ ಹಾಗೆ. ಕೈ ನಿಂತಿತು. ಹೂವು ಎತ್ತಿಟ್ಟ ಹಾಗೆ ಅಕ್ಷರ ಬಂತು. ಕಾಗದ ಮುಗಿಯಿತು, ಬಾಟಲಿ ಉಳಿದಿತ್ತು. ಅದೂ ಮುಗಿಯಿತು. ಮಾರನೆಯ ದಿನ ಯಾವ ಕಾಗದವೂ ಇರಲಿಲ್ಲ, ಆದರೂ ಕುಡಿದೆ. ಅದರ ಮಾರನೆಯ ದಿನವೂ. ಯಜಮಾನಿ ವಾಸನೆ ಹಿಡಿದರು, ಚಿಮಟವನ್ನು ನನ್ನ ಕೈಯಿಂದ ತೆಗೆದುಕೊಂಡರು.

ಆಮೇಲೆ ನಿನ್ನ ಕಾಗದ ಬಂತು. ಬಂಗಾರದಂಥ ತಮ್ಮ ಎಂದಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಚೂಟಿ ಹತ್ತನೇ ತಾರೀಕು ನನ್ನ ಮನೆಯಲ್ಲಿರುತ್ತಾಳೆ. ಮುಚ್ಚಿಕೊಂಡಿರಲು ಎಷ್ಟು ಆಸೆಯಾಯಿತು ಗೊತ್ತಾ? ಆದರೆ ಅವಳು ಬಂದ ಮೇಲೂ ನಿನಗೆ ಅದೇ ಅಕ್ಷರ ಬೇಕಲ್ಲ. ಕರೆಸಿಕೊಳ್ಳಲು ಕುಡಿದವನು ಉಳಿಸಿಕೊಳ್ಳಲೂ ಕುಡಿಯುತ್ತಾನೆ. ಒಂದು ದಿನ ಅವಳು ಮತ್ತೆ ಆ ಸ್ಟೂಲಿನ ಮೇಲೆ ಕೂತಿರುತ್ತಾಳೆ. ನಾನು ಡ್ರೈವರಣ್ಣನಿಗೆ ಫೋನ್ ಮಾಡಿದೆ. ಬಂದರು, ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. "ಅಕ್ಕಂಗೆ ನೀನೇ ಬರಿ, ಇದೇ ಕೈಲಿ ಬರಿ" ಅಂದರು. ಮೊನ್ನೆಯಿಂದ ಕುಡಿದಿಲ್ಲ. ಅದಕ್ಕೇ ಅಕ್ಷರ ಹೀಗಿದೆ.

ಕರೆದುಕೊಂಡು ಬರಬೇಡ ಅಕ್ಕಾ. ಕುಣಿಯುತ್ತಿದ್ದಾಳೆ ಎಂದಿದ್ದೆಯಲ್ಲ, ಅವಳಿಗೆ ಏನು ಹೇಳಬೇಕೋ ನನಗೆ ತೋಚುತ್ತಿಲ್ಲ. ನೀನೇ ಹೇಳು.

ತಮ್ಮ


ಆಗಸ್ಟ್ 11

ತಮ್ಮಾ,

ನಿನ್ನೆ ನಾವು ಬರಬೇಕಾಗಿದ್ದ ದಿನ. ಲಂಗಗಳು ಮಡಿಸಿದ ಹಾಗೇ ಇವೆ.

ನಿನ್ನ ಕಾಗದ ಓದಿ ಕತ್ತರಿ ಎಸೆದೆ. ನಿಮ್ಮ ಭಾವ ಕಾಲೆತ್ತಿಕೊಂಡರು, ಇಲ್ಲದಿದ್ದರೆ ಅವರ ಪಾದಕ್ಕೇ ಬೀಳುತ್ತಿತ್ತು. ಪಾಪಿ, ದ್ರೋಹಿ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಎರಡು ದಿನ ಹೊಲಿಗೆಗೆ ಕೂರಲಿಲ್ಲ. ನಂತರ ಏನಾಯಿತೋ ಅದನ್ನು ಬರೆಯಲು ಇಷ್ಟು ದಿನ ಬೇಕಾಯಿತು.

ಚೂಟಿ ಕುಣಿಯಲಿಲ್ಲ ಕಣೋ. ನಾನು ಸುಳ್ಳು ಬರೆದೆ. ನಿನ್ನ ಆ ಮುತ್ತಿನಂಥ ಕಾಗದವನ್ನು ಅವಳ ಕೈಗೆ ಕೊಟ್ಟಾಗ ಓದಿದಳು, ಮಡಿಸಿ ಮೇಜಿನ ಮೇಲಿಟ್ಟಳು. "ನಾನ್ ಹೋಗಲ್ಲ ಅತ್ತೆ" ಅಂದಳು. ಯಾಕೆ ಎಂದರೆ ಪುಸ್ತಕ ತೆಗೆದು ಓದಲು ಕೂತಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನನ್ನನ್ನು ಬಿಟ್ಟಿರಲಾರಳು ಎಂದುಕೊಂಡೆ. ಹೊರಡುವ ಹೊತ್ತಿಗೆ ಅತ್ತು ರಂಪ ಮಾಡುತ್ತಾಳೆ, ಆಗ ಮಗುವಿಗೇ ಇಷ್ಟವಿಲ್ಲ ಎಂದು ನಿನಗೆ ಹೇಳಿಬಿಟ್ಟರಾಯಿತು ಎಂದು ಲೆಕ್ಕ ಹಾಕಿದ್ದೆ. ಇನ್ನೊಂದು ಸುಳ್ಳೂ ಹೇಳಿದ್ದೇನೆ. ಅವಳು ನಿನ್ನನ್ನು ಕೇಳುತ್ತಿದ್ದಳು. ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲು "ಅಪ್ಪಂದು ಏನಾದ್ರೂ ಬಂತಾ?" ಅನ್ನುತ್ತಿದ್ದಳು. ಬಂದಿಲ್ಲ ಅನ್ನುತ್ತಿದ್ದೆ.

ಈ ಸಲ ಕಾಗದ ಬಚ್ಚಿಡುವಷ್ಟು ಬುದ್ಧಿ ನನಗೆ ಉಳಿದಿರಲಿಲ್ಲ. ಯಂತ್ರದ ಮೇಲೇ ಬಿದ್ದಿತ್ತು. ಅವಳು ತೆಗೆದುಕೊಂಡು ನಿಂತಲ್ಲೇ ಓದಿದಳು. ಕಿತ್ತುಕೊಳ್ಳಲು ಹೋದೆ, ಕೊಡಲಿಲ್ಲ. "ಇದು ಅಪ್ಪನ ಅಕ್ಷರ" ಅಂದಳು. ಅದೇನೆಂದು ಕೇಳಿದ್ದಕ್ಕೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಬೆಳಿಗ್ಗೆ ಅಪ್ಪಂಗೆ ಕೈ ನಡುಗ್ತಿತ್ತು ಅತ್ತೆ. ಆದ್ರೂ ನಂಗೆ ಜಡೆ ಹಾಕ್ತಿದ್ರು, ಸೊಟ್ಟಪಟ್ಟ ಬರ್ತಿತ್ತು, ಇಬ್ರೂ ನಗ್ತಿದ್ವಿ. ಆಮೇಲೆ ಒಳಗೆ ಹೋಗಿ ಬರ್ತಿದ್ರು. ಕೈ ನೆಟ್ಟಗಾಗ್ತಿತ್ತು. ಆಮೇಲೆ ಅಪ್ಪ ಇರ್ತಿರ್ಲಿಲ್ಲ."

"ಮತ್ತೆ ಆ ಕಾಗದ ತೋರಿಸಿದಾಗ್ಲೇ ಯಾಕೆ ಹೇಳ್ಲಿಲ್ಲ?" ಎಂದೆ. "ನೀವು ಅಷ್ಟು ಖುಷಿಯಾಗಿದ್ರಿ" ಅಂದಳು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಅನಿಸಿತು. ಡ್ರಾಯರಿನ ಬೀಗ ತೆಗೆದು ಉಳಿದ ಕಾಗದಗಳನ್ನೂ ಕೊಟ್ಟೆ. ಹಳದಿ ಬಣ್ಣದ ಸಾಲು ಓದಿ ನಕ್ಕಳು. ಆಮೇಲೆ ಒಂದಿಡೀ ದಿನ ನನ್ನೊಂದಿಗೆ ಮಾತು ಬಿಟ್ಟಳು. ಈಗ ಬರುತ್ತೇನೆ ಅನ್ನುತ್ತಾಳೆ.

ನಾನು ತಕ್ಷಣ ಕಳಿಸುವುದಿಲ್ಲ. ಅಷ್ಟೊಂದು ಒಳ್ಳೆಯವಳಾಗಲು ನನ್ನಿಂದ ಆಗದು. ಡಾಕ್ಟರು ಹೇಳಿದಷ್ಟು ದಿನ ಅವರ ಹತ್ತಿರ ಹೋಗು. ಡ್ರೈವರಣ್ಣ ನನ್ನೊಂದಿಗೆ ಮಾತಾಡಲಿ. ಸೆಪ್ಟೆಂಬರ್ ಕೊನೆಗೆ ಬರುತ್ತೇವೆ, ಮೊದಲ ಎರಡು ವಾರ ನಾನೂ ಇರುತ್ತೇನೆ. ಅವಳು ಇಲ್ಲಿ ಬಿಟ್ಟು ಹೋಗುತ್ತಾಳೆಂದೇ ಶಾಲೆಯವರಿಗೆ ಹೇಳಿದ್ದೇನೆ. ಹೇಳಿ ಹೊರಗೆ ಬಂದು ರಸ್ತೆಯಲ್ಲೇ ಅತ್ತೆ. ಅದನ್ನು ಅವಳಿಗೆ ಹೇಳಬೇಡ.

ಫೋನ್ ಮಾಡು. ಎತ್ತುತ್ತೇನೆ.

ಅಕ್ಕ


ನವೆಂಬರ್ 6

ಅಕ್ಕಾ,

ದಿನಾ ಫೋನಿನಲ್ಲಿ ಮಾತಾಡುತ್ತೇವೆ, ಆದರೆ ಚೂಟಿ ಪಕ್ಕದಲ್ಲೇ ಇರುತ್ತಾಳೆ. ಅವಳ ಮುಂದೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ನೀನು ಹೋದ ಮೇಲೆ ಒಂದು ಪೇಚಿಗೆ ಸಿಕ್ಕಿಕೊಂಡೆ. ನನ್ನ ಕೈ ಸರಿಹೋಗತೊಡಗಿತು. ಡಾಕ್ಟರು ಹೇಳಿದ್ದರಲ್ಲ, ಹಾಗೇ ಆಯಿತು. ಒಂದು ಬೆಳಿಗ್ಗೆ ಅವಳಿಗೆ ಹಾಲಿನ ಲೋಟ ತಂದುಕೊಟ್ಟೆ, ಒಂದು ಹನಿಯೂ ಚೆಲ್ಲಲಿಲ್ಲ. ನಾನು ಬೀಗುತ್ತಾ ಅವಳ ಮುಖ ನೋಡಿದರೆ, ಅದು ಬಿಳಿಚಿಕೊಂಡಿತ್ತು. ಹಾಲು ಮುಟ್ಟಲಿಲ್ಲ. ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಎಷ್ಟು ಬಡಿದರೂ ತೆಗೆಯಲಿಲ್ಲ. ಡಾಕ್ಟರು ಹೀಗೆ ಹೇಳಿದರು, ಹಾಗೆ ಹೇಳಿದರು ಎಂದು ಬಾಗಿಲ ಹೊರಗಿನಿಂದ ಹೇಳಿದೆ. ನೀನೇ ನಂಬದ ಮಾತನ್ನು ಅವಳು ಹೇಗೆ ನಂಬಿಯಾಳು?

ಆಮೇಲೆ ಸುರುವಾಯಿತು. ಮನೆಯಲ್ಲಿನ ಲೋಟಗಳನ್ನೆಲ್ಲ ಮೂಸಿ ನೋಡುವಳು. ನಾನು ಸ್ನಾನಕ್ಕೆ ಹೋದಾಗ ಬೀರುವಿನ ಹಿಂದೆ ತಡಕುವ ಸದ್ದು ಕೇಳುತ್ತಿತ್ತು. ಕಡೆಗೆ ಅವಳೇ ಒಂದು ದಾರಿ ಹುಡುಕಿದಳು. ಸಂಜೆ ಅಂಗಡಿಯಿಂದ ಬಂದ ಕೂಡಲೇ ಬಾಗಿಲಿಗೆ ಬಂದು ನಿಲ್ಲುತ್ತಾಳೆ. "ಊದಿ" ಅನ್ನುತ್ತಾಳೆ. ನಾನು ಬಗ್ಗಿ ಅವಳ ಮುಖಕ್ಕೆ ಉಸಿರು ಊದಬೇಕು. ಮೂಸಿ, ತಲೆಯಾಡಿಸಿ, ದಾರಿ ಬಿಡುತ್ತಾಳೆ.

ನನಗೆ ರೇಗುತ್ತದೆ ಅಕ್ಕಾ. ಸುಳ್ಳು ಯಾಕೆ ಹೇಳಲಿ? ಹೋದ ವಾರ ಸುಸ್ತಾಗಿ ಬಂದಿದ್ದೆ. ಮೇಲಿನ ಮನೆಯವರು ಮೆಟ್ಟಿಲ ಮೇಲಿದ್ದರು, ಅವರ ಎದುರಿಗೇ "ಊದಿ" ಅಂದಳು. "ನಾನೇನು ಕಳ್ಳನಾ? ದಿನಾ ಇದೇ ಆಯ್ತಲ್ಲ ನಿಂದು!" ಎಂದು ಕೂಗಿದೆ. ಅವಳು ಅಳಲಿಲ್ಲ. ಕದಲಲೂ ಇಲ್ಲ. ಬಾಗಿಲಿಗೆ ಅಡ್ಡವಾಗಿ ನಿಂತೇ ಇದ್ದಳು. ಊದಿದೆ.

ನಿನ್ನೆ ಬಂದಾಗ ಅವಳು ಬಾಗಿಲಲ್ಲಿರಲಿಲ್ಲ. ಮೇಜಿನ ಮುಂದೆ ಕೂತು ಪೆನ್ಸಿಲ್ ಕಚ್ಚುತ್ತಾ ಲೆಕ್ಕ ಬಿಡಿಸುತ್ತಿದ್ದಳು. ತಲೆ ಎತ್ತದೆ "ಬಂದ್ರಾ" ಅಂದಳು, ಅಷ್ಟೇ. ಮರೆತುಬಿಟ್ಟಿದ್ದಳು. ನಾನು ಚೀಲ ಹಿಡಿದು ಅಲ್ಲೇ ನಿಂತೆ. ಹೇಗೆ ಹೇಳಲಿ, ಮರೆತಳಲ್ಲ ಎಂದು ಕಣ್ಣು ತುಂಬಿ ಬಂತು. ಅದರ ಬೆನ್ನಿಗೇ ಭಯವೂ ಆಯಿತು. ಕೇಳುವವರಿಲ್ಲದ ಸಂಜೆಗಳು ನನಗೆ ಚೆನ್ನಾಗಿ ಗೊತ್ತು.

ಚೀಲ ಕೆಳಗಿಟ್ಟೆ. ಅವಳ ಕುರ್ಚಿಯ ಪಕ್ಕ ಮಂಡಿಯೂರಿ, ಅವಳ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡು, ನಾನೇ ಊದಿದೆ.

"ಥೂ! ಈರುಳ್ಳಿ!" ಎಂದು ಮೂಗು ಮುಚ್ಚಿಕೊಂಡು ನಕ್ಕಳು. ಆಮೇಲೆ ಪುಸ್ತಕ ನನ್ನ ಕಡೆ ನೂಕಿ, ಈ ಲೆಕ್ಕ ಬರ್ತಿಲ್ಲ, ಹೇಳ್ಕೊಡಿ ಅಂದಳು.

ತಮ್ಮ